ಮಾವನ ಮಾತ್ರೆ, ರಮ್ಯಳ ಇಲಿಗಳು

ಅರಕೆರೆ
18-10-1997

ಮಗಳು ರಮ್ಯಳಿಗೆ, ನಿನ್ನ ಮಾವ ಚೌಡಯ್ಯನ ಹಾರೈಕೆಗಳು.

ನನ್ನ ತಂಗಿ, ನಿಮ್ಮವ್ವ ಪುಟ್ಟಗೌರಮ್ಮ, ಹೋದ ವಾರ ಸಂತೆಬಾಚಹಳ್ಳಿಯಿಂದ ಬಂದು ಎರಡು ದಿನ ಇದ್ದು ಹೋದಳು. "ನನ್ ಮಗಳು ಪುಣೇಲಿ ಇಲಿ ಸಾಕ್ತಾವ್ಳಂತೆ, ಇದುಕ್ಕಾ ಎಮ್ಮೆಸ್ಸಿ ಓದ್ಸಿದ್ದು?" ಅಂತ ನಿಮ್ಮತ್ತೆ ಹತ್ತಿರ ಒಂದೇ ಸಮ ಗೋಳು. ನಿಮ್ಮತ್ತೆ ತಿಮ್ಮಮ್ಮ ಏನು ಹೇಳ್ತಾಳೆ, "ನಮ್ಮನೇಲಿ ಇಲಿ ತಾನಾಗೇ ಸಾಕ್ಕೊಂಡವೆ, ಇಲ್ಲೇ ಇದ್ದಿದ್ರೆ ಆಗ್ತಿತ್ತು" ಅಂದಳು. ನಾನು ನಕ್ಕುಬಿಟ್ಟೆ. ಹೈಸ್ಕೂಲಿಗೆ ನಮ್ಮ ಮನೆಯಲ್ಲಿದ್ದಾಗ ನನ್ನ ಔಷಧಿ ಸೀಸೆಗಳ ಚೀಟಿ ಓದುತ್ತಾ ಕೂತಿರುತ್ತಿದ್ದವಳು ನೀನು. ಏನೋ ದೊಡ್ಡದನ್ನೇ ಮಾಡುತ್ತಿದ್ದೀಯ ಅಂತ ನನಗೆ ನಂಬಿಕೆ ಇದೆ. ಆದರೆ ಏನು ಅಂತ ಕೇಳಿದವರಿಗೆ ಹೇಳಲು ನನಗೆ ಬರುವುದಿಲ್ಲ. ಒಂದು ಸಲ ನನಗೆ ಅರ್ಥವಾಗುವ ಹಾಗೆ ಬರಿ.

ಊರಲ್ಲಿ ಜ್ವರ. ಗಂಜಾಂನಿಂದ ಹಿಡಿದು ಇಲ್ಲಿಯವರೆಗೂ ಒಂದೇ ನಮೂನೆ: ಚಳಿ, ಮೈಕೈ ನೋವು, ಒಣಕೆಮ್ಮು. ಕಬ್ಬು ಕಟಾವಿನ ಕಾಲ ಬೇರೆ. ಸಕ್ಕರೆ ಫ್ಯಾಕ್ಟರಿಯಿಂದ ಕಟಾವಿನ ಪರ್ಮಿಟ್ಟು ಬಂದ ಮೇಲೆ ಮಲಗಿದರೆ ಕಬ್ಬು ಗದ್ದೆಯಲ್ಲೇ ಒಣಗುತ್ತದೆ. ಕೆ.ಆರ್. ಪೇಟೆ, ನಾಗಮಂಗಲ, ಪಾಂಡವಪುರ ಅಂತ ಮೂವತ್ತು ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದು ರಿಟೈರಾಗಿ ಐದು ವರ್ಷವಾದರೂ ಜನ ನನ್ನ ಜಗಲಿ ಬಿಟ್ಟಿಲ್ಲ. "ಚೌಡಣ್ಣ, ನಿನ್ ಕೈಗುಣ ಕಣಣ್ಣ" ಅಂತ ಬರುತ್ತಾರೆ. ಪ್ಯಾರಾಸಿಟಮಾಲ್ ಕೊಟ್ಟು, ಬಿಸಿನೀರು ಕುಡಿರಿ ಅಂತ ಕಳಿಸುತ್ತೇನೆ.

ಮಗ ಶಶಿ, ಸೊಸೆ ವೀಣ ಚೆನ್ನಾಗಿದ್ದಾರೆ. ವೀಣ ಡೇರಿಯಲ್ಲಿ ಹಾಲಿನ ಫ್ಯಾಟ್ ನೋಡುವ ಕೆಲಸಕ್ಕೆ ಸೇರಿದ್ದಾಳೆ. ಚಿನ್ನು ನಾಲ್ಕನೇ ಕ್ಲಾಸು. ಮಗ್ಗಿಯನ್ನು ತಾತನಿಗೇ ಒಪ್ಪಿಸಬೇಕು, ಬೇರೆಯವರಿಗೆ ಹೇಳಲ್ಲ.

ನಿನ್ನ ಮಾವ
ಚೌಡಯ್ಯ


ಪುಣೆ
29-10-1997

ಪ್ರೀತಿಯ ಮಾವನಿಗೆ, ರಮ್ಯಳ ನಮಸ್ಕಾರ.

ಅವ್ವನಿಗೆ ಹೇಳಿ, ಇಲಿಗಳು ನನಗಿಂತ ಚೆನ್ನಾಗಿ ಉಣ್ಣುತ್ತಿವೆ.

ನೀವು ಕೇಳಿದ್ದಕ್ಕೆ ಬಹಳ ಖುಷಿಯಾಯಿತು. ಕೇಳಿದ ಸಮಯವೂ ಎಂಥದ್ದು! ನಿಮ್ಮ ಜಗಲಿಗೆ ಬರುತ್ತಿರುವ ಜ್ವರ ಬಹುಶಃ ಇನ್‌ಫ್ಲುಯೆಂಜಾ. ಅದೇ ವೈರಸ್ಸಿನ ಮೇಲೆ ನನ್ನ ಪಿಎಚ್.ಡಿ. ಕೆಲಸ. ನಾವೆಲ್ಲ ವೈರಸ್ಸೇ ಕೊಲ್ಲುತ್ತದೆ ಅಂದುಕೊಂಡಿರುತ್ತೇವೆ. ಅದು ಅರ್ಧ ನಿಜ. ಅದನ್ನು ಓಡಿಸುವುದಕ್ಕೆ ದೇಹವೇ ಒಂದು ಉರಿಯೂತ ಎಬ್ಬಿಸುತ್ತದೆ. ಅದು ಹದದಲ್ಲಿದ್ದರೆ ವಾಸಿ, ಮಿತಿಮೀರಿದರೆ ಶ್ವಾಸಕೋಶದಲ್ಲಿ ನೀರು ತುಂಬಿ ಸಾವು. ಈ ಉರಿಯೂತವನ್ನು ಏರಿಸುವ ಇಳಿಸುವ ಕೆಲಸದಲ್ಲಿ ಎರಡು ಕಿಣ್ವಗಳ ಕೈಯಿದೆ. ಅಕ್ಕತಂಗಿ ಅಂತಿಟ್ಟುಕೊಳ್ಳಿ. ಅಕ್ಕ ಸದಾ ಮನೆಯಲ್ಲಿರುವವಳು, ಹೊಟ್ಟೆಯ ಒಳಪದರ ಕಾಯುವಂಥ ದಿನದ ಕೆಲಸ ಅವಳದು. ತಂಗಿ ತೊಂದರೆ ಬಂದಾಗ ಮಾತ್ರ ಓಡಿ ಬರುವವಳು. ಬಂದಳೆಂದರೆ ಜ್ವರ, ನೋವು, ಊತ, ಎಲ್ಲ ಜೋರು.

ಹೊರದೇಶದಿಂದ ಒಂದು ಸಣ್ಣ ಸೀಸೆ ತರಿಸಿದ್ದೇವೆ. ಇನ್ನೂ ಅಂಗಡಿಗೆ ಬಂದಿಲ್ಲ. ಅದು ತಂಗಿಯನ್ನು ತಡೆಯುತ್ತದೆ. ಜ್ವರ ಹತ್ತಿಸಿದ ಇಪ್ಪತ್ತು ಇಲಿಗಳನ್ನು ಹಾಗೇ ಬಿಟ್ಟೆ, ಎಂಟು ಉಳಿದವು. ಇನ್ನಿಪ್ಪತ್ತಕ್ಕೆ ಆ ಔಷಧಿ ಕೊಟ್ಟೆ, ಹದಿನೈದು ಉಳಿದವು! ವೈರಸ್ಸೇನೂ ಕಡಿಮೆಯಾಗಿರಲಿಲ್ಲ ಮಾವ. ಊತ ಇಳಿದದ್ದಕ್ಕೇ ಬದುಕಿದವು. ನಾನು ಪಂಜರದ ಮುಂದೆ ಮೂರು ಸಲ ಎಣಿಸಿದೆ.

ಇದನ್ನು ಇನ್ನೂ ಯಾರಿಗೂ ಹೇಳಿಲ್ಲ, ನಿಮಗೆ ಮಾತ್ರ. ಹಾಗೇ ಇರಲಿ.

ನಿಮ್ಮ
ರಮ್ಯ


ಅರಕೆರೆ
6-11-1997

ಮಗಳೆ ರಮ್ಯ,

ನಿನ್ನ ಪತ್ರವನ್ನು ನಾಲ್ಕು ಸಲ ಓದಿದೆ. ಯಾರಿಗೂ ಹೇಳಬೇಡಿ ಅಂದಿದ್ದೀಯ, ಹೇಳುವುದಿಲ್ಲ. ಆದರೆ ಓದಿ ಸುಮ್ಮನೆ ಕೂರುವವನಲ್ಲ ನಿನ್ನ ಮಾವ.

ಊತ ಇಳಿದರೆ ಬದುಕು. ಒಂದೇ ಮಾತಿನಲ್ಲಿ ನೀನು ನನ್ನ ಕಣ್ಣು ತೆರೆಸಿದೆ. ನಾನು ಇಷ್ಟು ದಿನ ಕೊಡುತ್ತಿದ್ದ ಪ್ಯಾರಾಸಿಟಮಾಲ್ ಜ್ವರ ಇಳಿಸುತ್ತದೆ, ಊತ ಇಳಿಸುವುದಿಲ್ಲ. ಕಾಂಪೌಂಡರ್ ಟ್ರೈನಿಂಗಿನಲ್ಲೇ ಹೇಳಿಕೊಟ್ಟಿದ್ದರು. ನಿನ್ನ ಸೀಸೆ ನನಗೆ ಸಿಗದಿರಬಹುದು, ಊತ ಇಳಿಸುವ ಹಳೇ ಮಾತ್ರೆ ನನ್ನ ಪೆಟ್ಟಿಗೆಯಲ್ಲೇ ಇದೆ. ಹೋದ ಸೋಮವಾರದಿಂದ ಎಲ್ಲರಿಗೂ ಅದನ್ನೇ ಕೊಡುತ್ತಿದ್ದೇನೆ. ಜ್ವರ ಏರುವವರೆಗೂ ಕಾಯದೆ ದಿನಕ್ಕೆ ಮೂರು ಹೊತ್ತು.

ಟೆಂಪೋ ರಂಗಸ್ವಾಮಿ ಗೊತ್ತಲ್ಲ, ನಮ್ಮ ಕೇರಿಯವನು. ಎರಡೇ ದಿನಕ್ಕೆ ಎದ್ದು ಕಬ್ಬಿನ ಲೋಡು ಹೊಡೆದ. "ಏನ್ ಕೊಟ್ಟೆ ಚೌಡಣ್ಣ, ಮೈ ಅಂಗೇ ಹತ್ತಿ ಆಗೋಯ್ತು" ಅಂದ. "ಅದು ನನ್ ಮಾತ್ರೆ ಅಲ್ಲ ಕಣ್ಲಾ, ನಮ್ ರಮ್ಯನ ತಲೆ" ಅಂದೆ. ಇಷ್ಟು ಹೇಳಿದ್ದಕ್ಕೆ ಬೈಯಬೇಡ.

ಮುಂದಿನ ಇಲಿಗಳ ಸುದ್ದಿ ಬೇಗ ಬರಿ.

ನಿನ್ನ ಮಾವ
ಚೌಡಯ್ಯ


ಪುಣೆ
24-11-1997

ಮಾವನಿಗೆ ನಮಸ್ಕಾರ.

ಉತ್ತರ ಬರೆಯುವುದು ತಡವಾಯಿತು. ಕೆಲಸ ಜಾಸ್ತಿ. ಇಲ್ಲಿ ಚಳಿ ಶುರುವಾಗಿದೆ. ಹಾಸ್ಟೆಲಿನಲ್ಲಿ ಚಪಾತಿ ತಿಂದು ತಿಂದು ಅತ್ತೆಯ ಮುದ್ದೆ ನೆನಪಾಗುತ್ತದೆ. ಅವ್ವ ಗಂಡಿನ ಜಾತಕ ಕಳಿಸಿದ್ದಾಳೆ, ಈಗಲೇ ಬೇಡ ಅಂತ ನೀವೇ ಹೇಳಬೇಕು.

ಇಲಿಗಳ ವಿಷಯ ಇನ್ನೊಮ್ಮೆ ಬರೆಯುತ್ತೇನೆ. ಇನ್ನೂ ಒಂದು ಸಲ ನೋಡಬೇಕಾದದ್ದಿದೆ. ಎರಡು ಸಲ ನೋಡದೆ ಯಾವುದನ್ನೂ ಬಾಯಿಬಿಡಬೇಡ ಅನ್ನುತ್ತಾರೆ ನಮ್ಮ ಗೈಡು.

ನೀವು ಕೊಡುತ್ತಿರುವ ಹಳೇ ಮಾತ್ರೆ ಅಂದರೆ ಯಾವುದು? ಸುಮ್ಮನೆ ಕೇಳಿದೆ. ಮಕ್ಕಳಿಗೂ ಕೊಡುತ್ತೀರಾ?

ಚಿನ್ನುವಿಗೆ ಮುತ್ತು.

ರಮ್ಯ


ಅರಕೆರೆ
1-12-1997

ರಮ್ಯ,

ನಿನ್ನ ಪತ್ರ ಶನಿವಾರ ಬಂತು. ಜಾತಕದ ವಿಷಯ ನಿಮ್ಮವ್ವನಿಗೆ ಹೇಳುತ್ತೇನೆ.

ಮಾತ್ರೆ ಯಾವುದು ಅಂತ ಕೇಳಿದ್ದೀಯ. ಡ್ರಗ್ ಇನ್‌ಸ್ಪೆಕ್ಟರ್ ಕೇಳಿದ ಹಾಗಿತ್ತು. ಆಸ್ಪಿರಿನ್. ನೀನು ಹುಟ್ಟುವ ಮೊದಲಿಂದ ನಾನು ಬಲ್ಲ ಮಾತ್ರೆ. ದೊಡ್ಡವರಿಗೆ ಒಂದು, ಮಕ್ಕಳಿಗೆ ಅರ್ಧ. ಮೂವತ್ತೊಂದು ಮನೆಗೆ ಕೊಟ್ಟಿದ್ದೇನೆ, ಎಲ್ಲರೂ ಎದ್ದು ಓಡಾಡುತ್ತಿದ್ದಾರೆ. ಹುಚ್ಚಯ್ಯ ಒಬ್ಬ ಹೊಟ್ಟೆನೋವು ಅಂತ ಮಲಗಿದ್ದಾನೆ, ಅವನಿಗೆ ವಯಸ್ಸಾಯಿತು.

ನಿನಗೆ ಏನಾದರೂ ಸಂದೇಹ ಇದ್ದರೆ ನೇರ ಬರಿ. ನನ್ನ ಹತ್ತಿರ ಸುತ್ತಿ ಬಳಸಿ ಮಾತಾಡುವುದನ್ನು ಎಲ್ಲಿ ಕಲಿತೆ?

ಮನೆಯಲ್ಲಿ ಎಲ್ಲರೂ ಆರೋಗ್ಯ. ಚಿನ್ನು ಶಾಲೆಗೆ ಹೋಗಿದ್ದಾಳೆ.

ಚೌಡಯ್ಯ


ಟೆಲಿಗ್ರಾಂ
ಪುಣೆ, 8-12-1997

ಚೌಡಯ್ಯ, ರಿಟೈರ್ಡ್ ಕಾಂಪೌಂಡರ್, ಅರಕೆರೆ, ಶ್ರೀರಂಗಪಟ್ಟಣ ತಾಲ್ಲೂಕು
ಆಸ್ಪಿರಿನ್ ಈಗಲೇ ನಿಲ್ಲಿಸಿ. ಮಕ್ಕಳಿಗೆ ಕೊಡಲೇಬೇಡಿ. ಜ್ವರ ಬಿಟ್ಟ ಮಗುವಿಗೆ ವಾಂತಿ ಮಂಪರು ಬಂದರೆ ತಕ್ಷಣ ಮೈಸೂರು ಆಸ್ಪತ್ರೆ. ಪತ್ರ ಬರುತ್ತಿದೆ. ರಮ್ಯ


ಪುಣೆ
8-12-1997

ಮಾವ,

ನಿಮ್ಮ ಪತ್ರ ಇವತ್ತು ಬೆಳಿಗ್ಗೆ ಬಂತು. ಓದಿದ ಕೂಡಲೇ ಟೆಲಿಗ್ರಾಂ ಕೊಟ್ಟು ಬಂದು ಇದನ್ನು ಬರೆಯುತ್ತಿದ್ದೇನೆ.

ನಿಮ್ಮ ಆಸ್ಪಿರಿನ್ ತಂಗಿಯನ್ನು ಮಾತ್ರ ತಡೆಯುವುದಿಲ್ಲ. ಅಕ್ಕನನ್ನೂ ಕಟ್ಟಿಹಾಕುತ್ತದೆ. ಇದನ್ನು ನಾನು ಮೊದಲ ಪತ್ರದಲ್ಲೇ ಬರೆಯಬೇಕಿತ್ತು. ನೀವು ಮಾತ್ರೆ ಕೊಡುವವರು ಅನ್ನುವುದನ್ನೇ ಮರೆತು, ಹದಿನೈದು ಇಲಿ ಉಳಿದ ಸಂಭ್ರಮದಲ್ಲಿ ಬರೆದುಬಿಟ್ಟೆ. ಆಮೇಲೆ ಇನ್ನೊಂದು ಇಪ್ಪತ್ತು ಇಲಿಗಳಿಗೆ ಎರಡನ್ನೂ ತಡೆಯುವ ಹಳೇ ಔಷಧಿ ಕೊಟ್ಟು ನೋಡಿದೆವು. ನಾಲ್ಕೇ ಉಳಿದವು. ಏನೂ ಕೊಡದೆ ಬಿಟ್ಟದ್ದಕ್ಕಿಂತ ಕಡಿಮೆ. ಮೊದಲ ಎರಡು ದಿನ ಚುರುಕಾಗಿದ್ದವು, ಆಮೇಲೆ ಮುದುರಿಕೊಂಡವು. ಅಕ್ಕ ಉರಿಯೂತವನ್ನು ಹದದಲ್ಲಿ ಹಿಡಿಯುತ್ತಾಳೋ ಏನೋ, ನನಗಿನ್ನೂ ಪೂರ್ತಿ ಗೊತ್ತಿಲ್ಲ. ಇಲಿಯಲ್ಲಿ ಆದದ್ದು ಮನುಷ್ಯರಲ್ಲಿ ಆಗುತ್ತದೆ ಅಂತಲೂ ಹೇಳಲಾರೆ.

ಆದರೆ ಮಕ್ಕಳ ವಿಷಯಕ್ಕೆ ನನ್ನ ಇಲಿ ಬೇಕಿಲ್ಲ. ಫ್ಲೂ ಜ್ವರದ ಮಕ್ಕಳಿಗೆ ಆಸ್ಪಿರಿನ್ ಕೊಟ್ಟರೆ ಕೆಲವರಿಗೆ, ಜ್ವರ ಬಿಟ್ಟು ಚೆನ್ನಾಗಾದರು ಅನ್ನುವಾಗ, ಲಿವರ್ ಕೆಟ್ಟು ಮಿದುಳು ಊದಿಕೊಳ್ಳುತ್ತದೆ. ಹೊರದೇಶದ ಡಾಕ್ಟರುಗಳು ಹತ್ತು ಹದಿನೈದು ವರ್ಷದಿಂದ ಬರೆಯುತ್ತಿದ್ದಾರೆ. ನಾನೂ ಓದಿದ್ದೆ. ನೀವು ಮಕ್ಕಳಿಗೆ ಪ್ಯಾರಾಸಿಟಮಾಲನ್ನೇ ಕೊಡುತ್ತಿರುತ್ತೀರಿ ಅಂದುಕೊಂಡೆ. ಅಂದುಕೊಳ್ಳುವುದು ನನಗೆ ಸುಲಭವಾಗಿತ್ತು.

ಇನ್ನೊಂದು ಹೇಳಲೇಬೇಕು. ಆ ಇಲಿಗಳ ಲೆಕ್ಕ ನನಗೆ ನವೆಂಬರ್ ಇಪ್ಪತ್ತನೇ ತಾರೀಕೇ ಗೊತ್ತಿತ್ತು. ಇಪ್ಪತ್ತನಾಲ್ಕರ ಪತ್ರ ಬರೆಯುವಾಗ ಗೊತ್ತಿತ್ತು. ಗೈಡು ಹೇಳಿದ್ದು ಒಂದು ನೆಪ. ನಿಮ್ಮ ಖುಷಿ ನೋಡಿ, ನೀವು ಮಾಡುತ್ತಿರುವುದು ತಪ್ಪು ಅಂತ ಬರೆಯಲು ನನಗೆ ಧೈರ್ಯ ಬರಲಿಲ್ಲ.

ಮಾತ್ರೆ ವಾಪಸ್ಸು ತನ್ನಿ. ಮೂವತ್ತೊಂದು ಮನೆಗೂ ಹೋಗಿ.

ರಮ್ಯ


ಮೈಸೂರು
12-12-1997

ರಮ್ಯ,

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ನೀನು ಕಳಿಸಿದ ಪತ್ರ ನನಗಿನ್ನೂ ಸಿಕ್ಕಿಲ್ಲ. ಟೆಲಿಗ್ರಾಂ ಸಿಕ್ಕಿತು.

ಒಂದನೇ ತಾರೀಕು ನಿನಗೆ ಸುಳ್ಳು ಬರೆದೆ. ಚಿನ್ನು ಶಾಲೆಗೆ ಹೋಗಿರಲಿಲ್ಲ. ಅದರ ಹಿಂದಿನ ದಿನ, ಭಾನುವಾರ, ಅವಳಿಗೆ ಜ್ವರ ಬಂದಿತ್ತು. ನಿನ್ನ ಪ್ರಶ್ನೆ ನನ್ನೊಳಗೆ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ನಮ್ಮ ಮನೆ ಮಗುವಿಗೇ ಮಾತ್ರೆ ಬೇಡ ಅಂದರೆ ಊರಿನವರಿಗೆ ಕೊಟ್ಟದ್ದು ತಪ್ಪು ಅಂತ ಒಪ್ಪಿದ ಹಾಗೆ. ಆದ್ದರಿಂದ ಕೊಟ್ಟೆ. ನಾಲ್ಕು ದಿನ, ಮೂರು ಹೊತ್ತು. ಶುಕ್ರವಾರ ಜ್ವರ ಬಿಟ್ಟಿತು. ಎದ್ದು ದೋಸೆ ಕೇಳಿದಳು. ನೋಡು ನಾನೇ ಗೆದ್ದೆ ಅಂತ ನಿನಗೆ ಮನಸ್ಸಿನಲ್ಲೇ ಪತ್ರ ಬರೆದೆ.

ಸೋಮವಾರ ಸಂಜೆ ವಾಂತಿ ಶುರುವಾಯಿತು. ನಿಲ್ಲಲೇ ಇಲ್ಲ. ಅಜೀರ್ಣ ಅಂದುಕೊಂಡು ವಾಂತಿಗೆ ಔಷಧಿ ಕೊಟ್ಟೆ. ಮಂಗಳವಾರ ಬೆಳಿಗ್ಗೆ ಮುಖ ತೊಳೆಸಲು ಹೋದ ನಿಮ್ಮತ್ತೆಯನ್ನು ಹೊಡೆದಳು. "ಯಾರೇ ನೀನು, ಓಗೇ" ಅಂದಳು. ಅಂಥ ಮಾತು ಆಡುವ ಮಗು ಅಲ್ಲ. ತಿಮ್ಮಮ್ಮ ಗೋಡೆಗೆ ಒರಗಿ "ಏನಾಯ್ತೂಂದ್ರೆ ನನ್ ಕೂಸ್ಗೆ" ಅಂತ ನನ್ನನ್ನೇ ನೋಡಿದಳು. ಆಗ ಪೋಸ್ಟಿನವನು ಸೈಕಲ್ಲು ನಿಲ್ಲಿಸಿ ಟೆಲಿಗ್ರಾಂ ಕೊಟ್ಟ. ವಾಂತಿ, ಮಂಪರು, ಮೈಸೂರು. ಮೊದಲ ಎರಡೂ ನನ್ನ ಮುಂದೆಯೇ ಇದ್ದವು.

ಶಶಿ ಫ್ಯಾಕ್ಟರಿಗೆ ಹೋಗಿದ್ದ. ಡೇರಿಯಿಂದ ವೀಣಳನ್ನು ಕರೆಸಿ, ರಂಗಸ್ವಾಮಿಯ ಟೆಂಪೋದಲ್ಲಿ ಹೊರಟೆವು. ಶ್ರೀರಂಗಪಟ್ಟಣದ ಆಸ್ಪತ್ರೆಯಲ್ಲಿ ನೋಡಿದವರು ಇಳಿಸಲೂ ಬಿಡದೆ ಮುಂದೆ ಕಳಿಸಿದರು. ಸೇತುವೆ ದಾಟುವಾಗ ಮಗು ಮೈ ಸೆಟೆದುಕೊಂಡಿತು.

ಇಲ್ಲಿ ಒಬ್ಬ ಲೇಡಿ ಡಾಕ್ಟರು. "ಜ್ವರಕ್ಕೆ ಏನು ಕೊಟ್ಟಿದ್ರಿ ಯಜಮಾನ್ರೆ?" ಅಂತ ಕೇಳಿದರು. ನಾನು "ಪ್ಯಾರಾಸಿಟಮಾಲ್" ಅಂದೆ. ಮೂವತ್ತು ವರ್ಷ ಡಾಕ್ಟರ ಪಕ್ಕದಲ್ಲಿ ನಿಂತಿದ್ದವನು, ರೋಗಿಯ ಕಡೆಯವರು ಹೇಳುವ ಸುಳ್ಳನ್ನು ದಿನಾ ನೋಡಿದವನು. ಅವರು ಬರೆದುಕೊಂಡು ಹೋದರು. ಹೊರಗೆ ಬಂದು ನಿಂತೆ. ಜೇಬಿನಲ್ಲಿ ನಿನ್ನ ಟೆಲಿಗ್ರಾಂ ಇತ್ತು. ಕಾಲು ಗಂಟೆ ಅದನ್ನು ಮತ್ತೆ ಮತ್ತೆ ಓದಿದೆ. ಆಮೇಲೆ ಒಳಗೆ ಹೋಗಿ ಅದನ್ನೇ ಅವರ ಕೈಗೆ ಕೊಟ್ಟೆ. ಓದಿದರು. "ಮೊದ್ಲೇ ಹೇಳ್ಬಾರ್ದಿತ್ತಾ? ನಾವು ಮಿದುಳು ಜ್ವರ ಅಂತ ಹುಡುಕ್ತಿದ್ವಿ" ಅಂದರು. ರಕ್ತ ತೆಗೆದರು, ಗ್ಲೂಕೋಸ್ ಬದಲಾಯಿಸಿದರು, ತಲೆಯೊಳಗಿನ ಊತಕ್ಕೆ ಬೇರೆ ಔಷಧಿ ಹಾಕಿದರು. ಇವತ್ತಿಗೆ ನಾಲ್ಕು ದಿನ. ಕಣ್ಣು ಬಿಟ್ಟಿಲ್ಲ.

ಮಾತ್ರೆಯಿಂದಲೇ ಹೀಗಾಯಿತು ಅಂತ ವೀಣಳಿಗೆ ಗೊತ್ತಿಲ್ಲ. ಜೇನಿನಲ್ಲಿ ಅರೆದು ಕುಡಿಸಿದವಳು ಅವಳೇ, ನನ್ನ ಮಾತು ಕೇಳಿ. ನೀನು ಅವಳಿಗೆ ಏನೂ ಬರೆಯಬೇಡ. ಮಗು ಕಣ್ಣು ಬಿಡಲಿ, ನಾನೇ ಹೇಳುತ್ತೇನೆ.

ಚೌಡಯ್ಯ


ಪುಣೆ
17-12-1997

ಮಾವ,

ನಿಮ್ಮ ಪತ್ರ ಈಗ ತಾನೇ ಓದಿದೆ. ಚಿನ್ನು ಈಗ ಹೇಗಿದ್ದಾಳೆ? ಒಂದೇ ಸಾಲು ಬರೆಯಿರಿ ಸಾಕು. ರಜೆ ಕೇಳಿದ್ದೇನೆ. ಬರಲೋ ಬೇಡವೋ ನೀವೇ ಹೇಳಿ. ಯಾವ ಮುಖ ಇಟ್ಟುಕೊಂಡು ಬರಲಿ ಅಂತಲೂ ಅನ್ನಿಸುತ್ತದೆ.

ಇಲಿಗಳ ಮೇಲೆ ಎರಡನೇ ಸಲದ ಪರೀಕ್ಷೆ ಶುರುವಾಗಿದೆ. ಇಪ್ಪತ್ತೊಂಬತ್ತಕ್ಕೆ ಲೆಕ್ಕ ಸಿಗುತ್ತದೆ. ಈಗ ಅದನ್ನು ನೋಡಲು ನನಗೆ ಭಯ.

ನಾನು ಎಂಟನೇ ತಾರೀಕು ಬರೆದ ಪತ್ರ ಅರಕೆರೆಗೆ ಬಂದಿರುತ್ತದೆ. ಅದರಲ್ಲಿ ಎಲ್ಲ ಇದೆ. ವೀಣಳ ಕೈಗೆ ಸಿಗದ ಹಾಗೆ ನೀವೇ ತೆಗೆದಿಟ್ಟುಕೊಳ್ಳಿ. ನೀವು ಹೇಳುವವರೆಗಾದರೂ.

ರಮ್ಯ


ಅರಕೆರೆ
30-12-1997

ರಮ್ಯಕ್ಕ,

ಇದನ್ನ ಬರೀತಿರೋದು ವೀಣ. ಮಾವ ಬರೆಯಲ್ಲ ಅಂತಾರೆ, ಅದಕ್ಕೆ ನಾನೇ ಕೂತೆ.

ಚಿನ್ನು ಹದಿನಾಲ್ಕನೇ ತಾರೀಕು ಕಣ್ಣು ಬಿಟ್ಟಳು. ಮೊದಲು ನನ್ನ ಗುರುತು ಹಿಡಿಯಲಿಲ್ಲ, ಮಾರನೇ ದಿನ ಹಿಡಿದಳು. ಇಪ್ಪತ್ತಾರಕ್ಕೆ ಮನೆಗೆ ಕರ್ಕೊಂಡು ಬಂದ್ವಿ. ಗೋಡೆ ಹಿಡ್ಕೊಂಡು ನಡೀತಾಳೆ. ಮಗ್ಗಿ ಏಳರವರೆಗೂ ಬರುತ್ತೆ, ಎಂಟು ಮರ್ತು ಹೋಗಿದೆ. ಮರ್ತಿದ್ದಕ್ಕೆ ಅವಳಿಗೇ ಸಿಟ್ಟು ಬಂದು ಸ್ಲೇಟು ಎಸೀತಾಳೆ. ನಿಧಾನಕ್ಕೆ ಸರಿಹೋಗುತ್ತೆ ಅಂದಿದ್ದಾರೆ ಡಾಕ್ಟರು. ಅವರು ಇನ್ನೊಂದು ಮಾತೂ ಹೇಳಿದ್ರು: ಮಾತ್ರೆ ಯಾವುದೂಂತ ಅವತ್ತೇ ಗೊತ್ತಾಗಿದ್ದು ಒಳ್ಳೇದಾಯ್ತು ಅಂತ. ನಿನ್ನ ಟೆಲಿಗ್ರಾಮಿಂದ ನನ್ನ ಮಗಳು ಉಳಿದಳು. ಇದನ್ನ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಮುಂದೆ ಬರೆಯೋದು ಬೇರೆ.

ಹದಿಮೂರನೇ ತಾರೀಕು ಬಟ್ಟೆ ತರೋಕೆ ಅಂತ ನಾನೊಬ್ಬಳೇ ಊರಿಗೆ ಬಂದೆ. ಬಾಗಿಲ ಸಂದೀಲಿ ನಿನ್ನ ಎಂಟನೇ ತಾರೀಕಿನ ಪತ್ರ ಬಿದ್ದಿತ್ತು. ಒಡೆದು ಓದಿದೆ. ಆಮೇಲೆ ಮಾವನ ಪೆಟ್ಟಿಗೇಲಿದ್ದ ಹಳೇ ಪತ್ರಗಳನ್ನೂ ಓದಿದೆ. ಮೊನ್ನೆ ಬಂದ ಹದಿನೇಳನೇ ತಾರೀಕಿನದನ್ನೂ ಓದಿದೆ, ನನ್ನ ಕೈಗೆ ಸಿಗಬಾರದು ಅಂತ ಬರೆದಿದ್ದೀಯಲ್ಲ, ಅದನ್ನ.

ನಿನ್ನ ಇಪ್ಪತ್ತನಾಲ್ಕನೇ ತಾರೀಕಿನ ಪತ್ರ ಬಂದಿದ್ದು ಶನಿವಾರ. ಚಿನ್ನುಗೆ ಜ್ವರ ಬಂದಿದ್ದು ಭಾನುವಾರ. ಅದರಲ್ಲಿ ಚಪಾತಿ ಇತ್ತು, ಚಳಿ ಇತ್ತು, ಜಾತಕ ಇತ್ತು. ಒಂದು ಸಾಲು ಇರಲಿಲ್ಲ. ಇದ್ದಿದ್ರೆ ನಾನು ಆ ಮಾತ್ರೆ ಅರೀತಿರಲಿಲ್ಲ. ಹನ್ನೆರಡು ಸಲ ಅರೆದಿದ್ದೀನಿ ಅಕ್ಕ, ಕಹಿ ಗೊತ್ತಾಗಬಾರದು ಅಂತ ನುಣ್ಣಗೆ.

ಎರಡು ಸಲ ನೋಡದೆ ಬಾಯಿಬಿಡಬೇಡ ಅಂದ್ರಂತೆ ನಿಮ್ಮ ಗೈಡು. ತಪ್ಪೇನಿಲ್ಲ. ನಾನೂ ಡೇರೀಲಿ ಹಾಲನ್ನ ಎರಡು ಸಲ ನೋಡ್ತೀನಿ. ಆದ್ರೆ ಅನುಮಾನ ಬಂದ ಕ್ಯಾನನ್ನ ಮೊದಲು ಪಕ್ಕಕ್ಕೆ ಇಡ್ತೀನಿ, ಆಮೇಲೆ ಎರಡನೇ ಸಲ ನೋಡೋದು. ಎಲ್ಲರ ಹಾಲಿಗೂ ಬೆರೆಸಿಬಿಟ್ಟು ನೋಡಲ್ಲ. ನಾನು ಓದಿರೋದು ಎಸ್ಸೆಸ್ಸೆಲ್ಸಿ.

ಮಾವ ಹದಿನಾರನೇ ತಾರೀಕು ಆಸ್ಪತ್ರೆ ವರಾಂಡದಲ್ಲಿ ನನ್ನ ಮುಂದೆ ನಿಂತು "ಒಂದ್ ಮಾತು ಹೇಳ್ಬೇಕು ಕಣವ್ವ" ಅಂದ್ರು. ನನಗೆ ಮೂರು ದಿನದಿಂದ ಗೊತ್ತು ಅಂತ ಹೇಳಲಿಲ್ಲ. ಅವರ ಬಾಯಿಂದಲೇ ಪೂರ್ತಿ ಕೇಳಬೇಕಿತ್ತು. ಡಾಕ್ಟರ ಹತ್ರ ಸುಳ್ಳು ಹೇಳಿದ್ದನ್ನೂ ಬಿಡದೆ ಹೇಳಿದ್ರು. ಹೇಳಿ ಮುಗಿಸಿ ಅಲ್ಲೇ ನೆಲದ ಮೇಲೆ ಕೂತುಬಿಟ್ರು. ಅವರನ್ನ ಎತ್ತೋಕೆ ನನ್ನ ಕೈ ಹೋಗಲಿಲ್ಲ. ಅತ್ತೆ ಬಂದು ಎತ್ತಿದ್ರು.

ಊರಿಗೆ ಬಂದ ಮಾರನೇ ದಿನ ಅವರು ಮೂವತ್ತೊಂದು ಮನೆಗೂ ಹೊರಟರು. ನಾನೂ ಜೊತೆಗೆ ಹೋದೆ. ಅವರ ಮೇಲಿನ ಕರುಣೆಗಲ್ಲ, ಎಲ್ಲಾ ಕಡೆ ಸರಿಯಾಗಿ ಹೇಳ್ತಾರಾ ನೋಡೋಕೆ. ಹೇಳಿದ್ರು. "ನಾನು ಕೊಟ್ಟಿದ್ದು ತಪ್ಪು, ಮಿಕ್ಕಿರೋ ಮಾತ್ರೆ ವಾಪಸ್ ಕೊಡ್ರಪ್ಪ" ಅಂತ ಒಂದೊಂದು ಬಾಗಿಲಲ್ಲೂ. ಕೆಲವರು "ಬುಡು ಚೌಡಣ್ಣ, ನಮ್ಗೇನಾಗಿಲ್ವಲ್ಲ" ಅಂದ್ರು. ಕುಳ್ಳಮ್ಮ ಮಾತ್ರ "ನನ್ ಮೊಮ್ಮಗೀಗೂ ಕೊಟ್ಟಿದ್ದೆಲ್ಲಪ್ಪ, ಅದುಕ್ಕೇನಾರಾ ಆಗಿದ್ರೆ?" ಅಂತ ಕೇಳಿದಳು. ಮಾವ ಆ ಮಗುವನ್ನ ಕರೆಸಿ ಕಣ್ಣು, ನಾಲಿಗೆ ನೋಡಿದ್ರು. ಹುಚ್ಚಯ್ಯನವರಿಗೆ ಹೊಟ್ಟೆಯೊಳಗೆ ರಕ್ತ ಒಸರ್ತಿತ್ತಂತೆ, ಅವರನ್ನ ನಮ್ಮ ಯಜಮಾನರು ಶ್ರೀರಂಗಪಟ್ಟಣದ ಆಸ್ಪತ್ರೆಗೆ ಸೇರಿಸಿ ಬಂದಿದ್ದಾರೆ.

ಮಾವನ ಜೊತೆ ನಾನು ಇನ್ನೂ ಮಾತಾಡ್ತಿಲ್ಲ. ಚಿನ್ನು ಮಾತಾಡ್ತಾಳೆ. ಎಂಟರ ಮಗ್ಗೀನ ಅವರ ಹತ್ರವೇ ಹೇಳಿಸಿಕೊಳ್ತಾಳೆ. ನಾನು ತಡೆಯೋಕೆ ಹೋಗಿಲ್ಲ.

ಬರಲೋ ಬೇಡವೋ ಅಂತ ಕೇಳಿದ್ದೀಯ. ಬಾ. ಇಲ್ಲಿ ಜ್ವರ ಇನ್ನೂ ನಿಂತಿಲ್ಲ, ಮಕ್ಕಳಿಗೆ ಏನು ಕೊಡಬೇಕು ಏನು ಕೊಡಬಾರದು ಅಂತ ಶಾಲೆ ಮುಂದೆ ನಿಂತು ನೀನೇ ಹೇಳಬೇಕು. ಮಾವನ ಮಾತನ್ನ ಈಗ ಜನ ಅರ್ಧ ನಂಬ್ತಾರೆ, ಅರ್ಧ ನಂಬಲ್ಲ.

ನಿನ್ನೆ ನಿನ್ನ ಎರಡನೇ ಸಲದ ಲೆಕ್ಕ ಸಿಕ್ಕಿರುತ್ತೆ. ಎಷ್ಟು ಉಳಿದವು, ಎಷ್ಟು ಹೋದವು, ಏನೇ ಆಗಿರಲಿ, ಬರೋದಕ್ಕೆ ಮುಂಚೆ ಬರಿ. ಮಾವನಿಗಲ್ಲ, ನನಗೆ. ಅರ್ಥ ಆಗದಿದ್ರೆ ಕೇಳ್ತೀನಿ. ಡೇರಿ ವಿಳಾಸಕ್ಕೆ ಹಾಕು, ಅಲ್ಲಿ ಟಪಾಲು ಬೆಳಿಗ್ಗೇನೇ ಬರುತ್ತೆ, ನಾನೇ ತಗೊಳ್ತೀನಿ.

ವೀಣ
ಹಾಲು ಉತ್ಪಾದಕರ ಸಂಘ
ಅರಕೆರೆ, ಶ್ರೀರಂಗಪಟ್ಟಣ ತಾಲ್ಲೂಕು